ಗೆದ್ದಲು ತಿಂದ ಪುಟದ ನಾಲ್ಕು ಹೆಸರುಗಳು

ಹಳ್ಳಿಯ ಪ್ರೌಢಶಾಲೆಯೊಂದಕ್ಕೆ ಐವತ್ತು ವರ್ಷ ತುಂಬಿತ್ತು. ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬೇಕೆಂದಾಗ, ಶಾಲೆಯ ಗುಮಾಸ್ತರು ದಾಖಲಾತಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮೂರು ತಿಂಗಳು ಸಂಜೆ ಹೊತ್ತಿನಲ್ಲಿ ಎಲ್ಲ ಹೆಸರುಗಳನ್ನೂ ವರ್ಡ್‌ನಲ್ಲಿ ಟೈಪು ಮಾಡಿದರು. ಇಸವಿಯೊಂದು ಶೀರ್ಷಿಕೆ, ಕೆಳಗೆ ಆ ವರ್ಷ ಸೇರಿದವರ ಹೆಸರುಗಳು, ಮತ್ತೆ ಮುಂದಿನ ಇಸವಿ. ಆಯಾ ವರ್ಷದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಕೆಲಸ ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದ ಮಗಳ ಪಾಲಿಗೆ ಬಂತು. ‘ಅರ್ಧ ಗಂಟೆ ಸಾಕಪ್ಪ’ ಎಂದಳು. ಹಿಡಿದದ್ದು ನಾಲ್ಕು ದಿನ.

ವರ್ಡ್‌ನ ‘ಡಾಕ್ಸ್’ ಕಡತ ನಿಜವಾಗಿ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗಿರುವುದು ಎಕ್ಸ್‌ಎಂಎಲ್, ಅಂದರೆ ಪ್ರತಿಯೊಂದು ಭಾಗಕ್ಕೂ ಚೀಟಿ ಅಂಟಿಸಿಟ್ಟ ಬರವಣಿಗೆ. 1998ರಲ್ಲಿ ರೂಪುಗೊಂಡ ಈ ಪದ್ಧತಿಯ ಪರಿಭಾಷೆ ನಮ್ಮ ಮನೆಯ ಮಾತಿನಂತೆಯೇ ಇದೆ. ಹೊರಗಿನ ಚೀಟಿ ಪೋಷಕ, ಒಳಗಿನದು ಮಗು, ಒಂದೇ ಪೋಷಕನ ಒಳಗಿರುವುವು ಒಡಹುಟ್ಟುಗಳು. ಓದುವವರ ಕಣ್ಣಿಗೆ ಇಸವಿ ತಾಯಿ, ಹೆಸರುಗಳು ಮಕ್ಕಳು. ಆದರೆ ವರ್ಡ್ ಹಾಗೆ ಬರೆದಿಡುವುದಿಲ್ಲ. ಅಲ್ಲಿ ಶೀರ್ಷಿಕೆಯೂ ಒಂದು ಪ್ಯಾರಾ, ಹೆಸರೂ ಒಂದು ಪ್ಯಾರಾ. ಎಲ್ಲವೂ ಒಂದೇ ಸಾಲಿನಲ್ಲಿ ನಿಂತ ಅಣ್ಣತಮ್ಮಂದಿರು. ಶೀರ್ಷಿಕೆಯ ಕೊರಳಿಗೆ ‘ಇದು ಶೀರ್ಷಿಕೆ’ ಎಂಬ ಗುರುತಿನ ಪಟ್ಟಿ ಇರುತ್ತದೆ, ಅಷ್ಟೇ.

ಇಂಥ ಕಡತವನ್ನು ಬೇರೆ ರೂಪಕ್ಕೆ ತರುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಹುಡುಗಿ ಮೊದಲು ಬರೆದ ಆಜ್ಞೆ ಸರಳ: ‘ಪ್ರತಿ ಇಸವಿಗೂ ಅದರ ನಂತರ ಬರುವ ಒಡಹುಟ್ಟುಗಳನ್ನು ತೆಗೆದುಕೋ.’ ಮೊದಲನೆಯ ಇಸವಿ ಐವತ್ತು ವರ್ಷದವರನ್ನೆಲ್ಲ ನುಂಗಿತು. ಎರಡನೆಯದು ಉಳಿದವರನ್ನೆಲ್ಲ ಮತ್ತೊಮ್ಮೆ ನುಂಗಿತು. ಕಂಪ್ಯೂಟರಿನ ತಪ್ಪೇನಿಲ್ಲ. ‘ಎಲ್ಲಿಯವರೆಗೆ’ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಎರಡನೆಯ ದಿನ ಅವಳು ಪ್ರಶ್ನೆಯನ್ನೇ ತಿರುಗಿಸಿದಳು. ‘ನಿನ್ನ ಹೆಸರುಗಳು ಯಾವುವು?’ ಎಂದು ಇಸವಿಯನ್ನು ಕೇಳುವ ಬದಲು, ‘ನಿನ್ನ ಮೇಲೆ ತೀರ ಹತ್ತಿರ ಇರುವ ಇಸವಿ ಯಾವುದು?’ ಎಂದು ಪ್ರತಿ ಹೆಸರನ್ನೂ ಕೇಳಿದಳು. ಹಿಂದಕ್ಕೆ ನೋಡುವಾಗ ಎಕ್ಸ್‌ಎಸ್‌ಎಲ್‌ಟಿ ಹತ್ತಿರದಿಂದ ದೂರಕ್ಕೆ ಎಣಿಸುತ್ತದೆ. ಆದ್ದರಿಂದ ‘ಒಂದನೆಯದು’ ಎಂದರೆ ಕಡತದ ಮೊದಲನೆಯ ಇಸವಿಯಲ್ಲ, ನೆತ್ತಿಯ ಮೇಲಿನ ಇಸವಿ. ಇದು ಹೊಳೆದಾಗ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಅವಳಿಗೆ ನೆರವಾದದ್ದು ಹಳೆಯ ಉಪಾಯ. 1999ರ ನವೆಂಬರಿನಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿಯ ಮೊದಲ ಆವೃತ್ತಿಯಲ್ಲಿ ಗುಂಪು ಮಾಡುವ ಆಜ್ಞೆಯೇ ಇರಲಿಲ್ಲ. ಆರೇಕಲ್ ಸಂಸ್ಥೆಯಲ್ಲಿದ್ದ ಸ್ಟೀವ್ ಮ್ಯೂಂಚ್, ಅದರಲ್ಲಿದ್ದ ‘ಕೀ’ ಎಂಬ ಸೌಲಭ್ಯದಿಂದಲೇ ಗುಂಪು ಕಟ್ಟುವ ದಾರಿ ತೋರಿಸಿದರು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರೂರಿನ ಗೂಡಿಗೆ ಒಮ್ಮೆ ಹಾಕಿಟ್ಟರೆ ಮತ್ತೆ ಚೀಲ ತಡಕಬೇಕಿಲ್ಲ, ಅಲ್ಲವೇ? ಹಾಗೆಯೇ ಇದು. 2007ರ ಎರಡನೆಯ ಆವೃತ್ತಿಯಲ್ಲಿ ಗುಂಪು ಮಾಡಲು ಪ್ರತ್ಯೇಕ ಆಜ್ಞೆಯೇ ಬಂತು. ಆದರೆ ಹುಡುಗಿಯ ಬಳಿ ಇದ್ದ ತಂತ್ರಾಂಶಕ್ಕೆ ಗೊತ್ತಿದ್ದುದು ಮೊದಲ ಆವೃತ್ತಿ ಮಾತ್ರ. ಪ್ರತಿ ಇಸವಿಗೂ ಒಂದು ಗೂಡು ಮಾಡಿ ಹೆಸರುಗಳನ್ನು ಹಂಚಿದಳು. ಪಟ್ಟಿ ಅಚ್ಚುಕಟ್ಟಾಗಿ ಬಂತು.

ಗುಮಾಸ್ತರು ಪೆನ್ಸಿಲು ಹಿಡಿದು ಓದಲು ಕುಳಿತರು. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು, ‘ಮೊದಲಿನ ನಾಲ್ಕು ಜನ ಎಲ್ಲಮ್ಮ?’ ಎಂದರು.

ಅತಿ ಹಳೆಯ ಪುಸ್ತಕದ ಮೊದಲ ಪುಟದ ಮೇಲರ್ಧವನ್ನು ಗೆದ್ದಲು ತಿಂದಿತ್ತು. ಕೆಳಗುಳಿದ ನಾಲ್ಕು ಹೆಸರುಗಳನ್ನು ಅವರು ಇಸವಿಯಿಲ್ಲದೆಯೇ ಟೈಪು ಮಾಡಿದ್ದರು. ಮೇಲೆ ಇಸವಿಯೇ ಇಲ್ಲದವರು ಯಾವ ಇಸವಿಯ ಗೂಡಿಗೂ ಬೀಳಲಿಲ್ಲ. ಕಂಪ್ಯೂಟರು ತಪ್ಪು ತೋರಿಸಲಿಲ್ಲ, ತೋರಿಸುವಂಥ ತಪ್ಪೂ ಅಲ್ಲಿರಲಿಲ್ಲ. ಆ ನಾಲ್ವರಲ್ಲಿ ಒಬ್ಬರು ಇನ್ನೂ ಊರಲ್ಲಿದ್ದರು. ಸಮಾರಂಭಕ್ಕೆ ಬಂದು ಮೊದಲು ತಮ್ಮ ಹೆಸರನ್ನೇ ಹುಡುಕುವವರು.

ಹುಡುಗಿ ಅಂದು ರಾತ್ರಿ ಅವರನ್ನು ಕಂಡುಹಿಡಿದಳು. ಅವರು ಅಳಿಸಿಹೋಗಿರಲಿಲ್ಲ. ಇಲ್ಲದ ಇಸವಿಯ ಗುರುತನ್ನು ಕೇಳಿದರೆ ಎಕ್ಸ್‌ಎಸ್‌ಎಲ್‌ಟಿ ಖಾಲಿ ಪದವನ್ನು ಕೊಡುತ್ತದೆ. ನಾಲ್ವರೂ ಹೆಸರಿಲ್ಲದ ಒಂದು ಗೂಡಿನಲ್ಲಿ ಒಟ್ಟಿಗೇ ಕುಳಿತಿದ್ದರು. ಆ ಗೂಡಿನಿಂದ ಯಾರೂ ತೆಗೆದಿರಲಿಲ್ಲ, ಅಷ್ಟೆ. ಒಂದು ಸಾಲು ಸೇರಿಸಿದಳು.

‘ಮೇಲೆ ಶಾಲೆ ಶುರುವಾದ ಇಸವಿ ಹಾಕಿಬಿಡಲಾ ಅಪ್ಪ?’

‘ಪುಟದಲ್ಲಿ ಕಾಣದ್ದು ಬೇಡ. ಎಲ್ಲಕ್ಕಿಂತ ಮೇಲೆ, ಹಾಗೇ ಇರಲಿ.’

ಹೊಸ ಪ್ರತಿ ಬಂದಾಗ ಗುಮಾಸ್ತರು ತಕ್ಷಣ ಓದಲು ಕೂರಲಿಲ್ಲ. ಮೊದಲು ದಾಖಲಾತಿ ಪುಸ್ತಕದ ಹೆಸರುಗಳನ್ನು ಎಣಿಸಿ ಅಂಚಿನಲ್ಲಿ ಬರೆದುಕೊಂಡರು, ಬಳಿಕ ಅಚ್ಚಾದ ಪಟ್ಟಿಯ ಹೆಸರುಗಳನ್ನು ಎಣಿಸಲು ತೊಡಗಿದರು.