ಅಟ್ಟದಿಂದ ಜಗಲಿಗೆ ಬಂದ ಚರಿತ್ರೆ

ಶೃಂಗೇರಿ ತಾಲೂಕಿನ ನಮ್ಮ ಬೇಗಾರಿನ ಆಸುಪಾಸಿನ ಮನೆಗಳಲ್ಲಿ ಹಳೇ ಕಾಗದವನ್ನು ಚರಿತ್ರೆ ಅಂತ ಯಾರೂ ಇಟ್ಟುಕೊಂಡವರಲ್ಲ. ತೋಟದ ಗಡಿಗೆ, ದೇವಸ್ಥಾನದ ಪಾಳಿಗೆ, ಗೇಣಿಯ ಲೆಕ್ಕಕ್ಕೆ ಬೇಕು ಅಂತ ಇಟ್ಟರು. ಮರದ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿ, ಅಡುಗೆಮನೆಯ ಹೊಗೆ ತಾಗುವ ಅಟ್ಟದ ಮೇಲೆ ಇಡುತ್ತಿದ್ದರು. ಆರು ತಿಂಗಳು ಹಿಡಿದು ಹೊಯ್ಯುವ ಮಳೆಯಲ್ಲಿ ಓಲೆ, ಕಾಗದ ಬೂಷ್ಟು ಹಿಡಿಯದೆ ಉಳಿದದ್ದು ಆ ಹೊಗೆಯಿಂದಲೇ. ಪೆಟ್ಟಿಗೆಯ ಬೀಗದ ಕೈ ಯಜಮಾನರ ಸೊಂಟದಲ್ಲಿರುತ್ತಿತ್ತು. ಅದನ್ನು ಬಿಚ್ಚುವ ದಿನ ಮನೆಯಲ್ಲಿ ಒಂದೋ ಹಿಸ್ಸೆ, ಇಲ್ಲವೇ ವ್ಯಾಜ್ಯ ಎಂದು ಮಕ್ಕಳಾದ ನಮಗೂ ಗೊತ್ತಿತ್ತು.

ಆ ಪೆಟ್ಟಿಗೆಗಳೆಲ್ಲ ಒಟ್ಟಿಗೇ ಅಟ್ಟದಿಂದ ಇಳಿದದ್ದನ್ನು ನಾನು ನೋಡಿದ್ದು 1974ರ ಭೂಸುಧಾರಣೆ ಜಾರಿಗೆ ಬಂದಾಗ. ನಾನಾಗ ಹೈಸ್ಕೂಲು ಹುಡುಗ. ಫಾರಂ ಏಳು, ಭೂನ್ಯಾಯ ಮಂಡಳಿ ಎಂಬ ಮಾತು ಪ್ರತಿ ಜಗಲಿಯಲ್ಲೂ ಕೇಳುತ್ತಿತ್ತು. ಗೇಣಿ ಚೀಟಿ ಇದ್ದವನು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಚೀಟಿಯನ್ನೇ ಕೊಡದೆ ಗೇಣಿ ಅಳೆಸಿಕೊಂಡ ಒಡೆಯರೂ ಇದ್ದರು. ಅಂಥಲ್ಲಿ ಗದ್ದೆ ಉಳುತ್ತಿದ್ದವನ ಪರವಾಗಿ ಹೇಳಲು ಪಕ್ಕದ ಗದ್ದೆಯವರ ಬಾಯಿಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಕಾಗದ ದೊಡ್ಡದೋ ಬಾಯಿ ದೊಡ್ಡದೋ ಎಂಬ ಜಗಳವನ್ನು ನಮ್ಮೂರು ಆ ವರ್ಷಗಳಲ್ಲಿ ಚೆನ್ನಾಗಿ ಕಂಡಿತು.

ತೀರ್ಪು ಬಂದ ಮೇಲೆ ಎರಡೂ ಕಡೆಯವರಿಗೆ ಹಳೇ ಕಾಗದ ಬೇಡವಾಯಿತು. ಗದ್ದೆ ಸಿಕ್ಕವನಿಗೆ ತನ್ನ ಹೆಸರಿನ ಹೊಸ ಪಹಣಿ ಬಂತು. ಕಳೆದುಕೊಂಡವನಿಗೆ ಆ ಲೆಕ್ಕದ ಪುಸ್ತಕ ಕಂಡರೆ ಸಂಕಟ. ಬಚ್ಚಲೊಲೆಗೆ ಎಷ್ಟು ಹೋಯಿತೋ. ಓಲೆಗರಿಯ ಕಟ್ಟುಗಳ ಗತಿ ಬೇರೆ. ಅವುಗಳಲ್ಲಿ ಬಹಳಷ್ಟು ತಿಗಳಾರಿ ಲಿಪಿಯವು. ಮಂತ್ರ, ಜ್ಯೋತಿಷ, ವೈದ್ಯ ಏನಿದೆಯೋ ಓದಲು ಬರುವವರು ಮನೆಯಲ್ಲಿ ಇಲ್ಲ, ಸುಡಲು ಮನಸ್ಸಿಲ್ಲ. ನವರಾತ್ರಿಯಲ್ಲಿ ಸರಸ್ವತಿಯ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಹುಡಿಯಾಗಲು ಶುರುವಾದ ಮೇಲೆ ಹೊಳೆಗೆ ಬಿಟ್ಟರು.

ಇದನ್ನೆಲ್ಲ ಜೋಪಾನ ಮಾಡುವ ಒಂದು ಕೆಲಸ ಲೋಕದಲ್ಲಿದೆ ಎಂದು ನಮಗೆ ಮನದಟ್ಟಾದದ್ದು ಸಾಗರ ತಾಲೂಕಿನ ಕೆಳದಿಗೆ ಹೋದಾಗ. ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮಲೆನಾಡಿನ ಮನೆಗಳಿಂದ ಬಂದ ಓಲೆ, ಕಡತ, ಕತ್ತಿ, ನಾಣ್ಯಗಳ ಜೊತೆ ಕಲಾವಿದ ಎಸ್. ಕೆ. ಲಿಂಗಣ್ಣನವರ ಚಿತ್ರಗಳೂ ಇವೆ. ಜೋಯಿಸರು 2024ರಲ್ಲಿ ತೀರಿಕೊಳ್ಳುವವರೆಗೂ ತಿಗಳಾರಿ ಓದಬೇಕಾದವರಿಗೆ ದೊಡ್ಡ ಆಸರೆಯಾಗಿದ್ದರು. ಕೆಳದಿ ನಮಗೆ ಹೊರಗಿನ ಊರೂ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವ ತನಕ ಆಳಿದ ಕೆಳದಿ ಅರಸರು ಶೃಂಗೇರಿ ಮಠಕ್ಕೆ ನಡೆದುಕೊಂಡವರು. ಅವರು ಬರೆದ ಪತ್ರಗಳು ಮಠದ ದಫ್ತರದಲ್ಲಿ ಉಳಿದಿವೆ. ಹುಣಿಸೆಬೀಜದ ಅಂಟಿಗೆ ಇದ್ದಿಲು ಕಲಸಿ, ಬಟ್ಟೆಗೆ ಬಳಿದು, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಕಡತವನ್ನು ನಾನು ಗುರುತಿಸಲು ಕಲಿತದ್ದೂ ಆ ಓಡಾಟದಲ್ಲೇ.

ಮಠದ ಕಾಗದಗಳ ಕಥೆ ನಮ್ಮ ಕಡೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. 1791ರಲ್ಲಿ ಮರಾಠರ ದಂಡಿನ ಜೊತೆಗಿದ್ದವರು ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಅಲ್ಲಿದ್ದವು. ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಬೆಳಕಿಗೆ ತಂದರು. ಅಂದರೆ ನೂರಿಪ್ಪತ್ತೈದು ವರ್ಷ ಯಾರೂ ಕೇಳದಿದ್ದರೂ ಆ ಪತ್ರಗಳು ಇದ್ದಲ್ಲೇ ಇದ್ದವು. ಮಠಕ್ಕೆ ಹಿಸ್ಸೆಯಿಲ್ಲ. ನಮ್ಮ ಮನೆಗಳು ಹಾಗಲ್ಲ. ಒಂದು ತಲೆಮಾರಿಗೆ ಮೂರು ಪಾಲು, ಇನ್ನೊಂದಕ್ಕೆ ಏಳು ಪಾಲು. ತೋಟವನ್ನು ದಬ್ಬೆಯ ಅಳತೆಯಲ್ಲಿ ಹಂಚಿಕೊಂಡವರು ಪೆಟ್ಟಿಗೆಯನ್ನು ಯಾರ ಪಾಲಿಗೂ ಹಾಕಲಿಲ್ಲ.

ಊರಿನ ಚರಿತ್ರೆ ಹುಡುಕುವ ನಮ್ಮದೊಂದು ಕೂಟವಿದೆ. ಅದು ಹುಟ್ಟಿದ್ದು ಕಾಗದದಿಂದಲ್ಲ, ಕಲ್ಲಿನಿಂದ. ಬಿ. ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಕೊಪ್ಪ ತಾಲೂಕಿನ, ಶೃಂಗೇರಿ ಜಾಗೀರಿನ ಕಲ್ಲುಗಳಿಗೆಲ್ಲ ನಂಬರು ಹಾಕಿದ್ದಾರೆ. ಗೆಳೆಯರೊಬ್ಬರು ಅದರ ಜೆರಾಕ್ಸ್ ತಂದರು. ಈ ಕಲ್ಲು ಈಗ ಇದೆಯೋ, ಇದ್ದರೆ ಯಾರ ಹಿತ್ತಿಲಲ್ಲಿದೆಯೋ ಎಂದು ಭಾನುವಾರಗಳಲ್ಲಿ ಹುಡುಕಲು ಹೊರಟೆವು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಬಸ್ ಕಂಡಕ್ಟರ್ ಒಬ್ಬರು, ಇಬ್ಬರು ತೋಟದವರು, ಮೇಷ್ಟ್ರ ಕೆಲಸದಲ್ಲಿದ್ದ ನಾನು. ದಾರಿ ತಿಳಿಯಬೇಕಾದರೆ ಪೋಸ್ಟ್‌ಮ್ಯಾನೇ ಗತಿ. ಒಂಟಿಮನೆಗಳ ಈ ಸೀಮೆಯಲ್ಲಿ ಯಾವ ಸಂಕ ದಾಟಿದರೆ ಯಾರ ಅಂಗಳ ಎಂದು ಅವರಿಗಷ್ಟೇ ಗೊತ್ತಿತ್ತು. ವೀರಗಲ್ಲೊಂದು ಹಳ್ಳದ ಮೆಟ್ಟಿಲಾಗಿ ಸಿಕ್ಕಿತು. ಗಡಿಯ ಲಿಂಗಮುದ್ರೆ ಕಲ್ಲೊಂದಕ್ಕೆ ಭೂತದ ಕಲ್ಲೆಂದು ವರ್ಷಕ್ಕೊಮ್ಮೆ ಕೋಳಿ ಸಲ್ಲುತ್ತಿತ್ತು. ಹಾಗೆ ನಂಬಿದ್ದರಿಂದಲೇ ಅದನ್ನು ಯಾರೂ ಕಿತ್ತಿರಲಿಲ್ಲ.

ಪಡಿಯಚ್ಚು ತೆಗೆಯುವ ದಿನ ಶಾಲೆಯ ಮಕ್ಕಳಿಗೆ ಹಬ್ಬ. ಕಲ್ಲನ್ನು ತೊಳೆದು ಬ್ರಷ್ಷಿನಲ್ಲಿ ಪಾಚಿ ತೆಗೆದು, ನೆನೆಸಿದ ಕಾಗದ ಹಾಸಿ, ಅದು ಅಕ್ಷರದ ತಗ್ಗಿಗೆ ಇಳಿಯುವ ಹಾಗೆ ಬ್ರಷ್ಷಿನಿಂದ ಬಡಿಯಬೇಕು. ಅರ್ಧ ಆರಿದ ಮೇಲೆ ಶಾಯಿ ಒತ್ತಿದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಏಳುತ್ತದೆ. ಮಾರ್ಗಶಿರ ಕಳೆಯದೆ ಈ ಕೆಲಸಕ್ಕೆ ನಮ್ಮಲ್ಲಿ ಬಿಸಿಲೇ ಇಲ್ಲ. ಕಿಗ್ಗದ ಶಾಸನಗಳಲ್ಲಿ ಆಳುಪ ಅರಸ ಚಿತ್ರವಾಹನನ ಹೆಸರಿದೆ, ಸಾವಿರದಿನ್ನೂರು ವರ್ಷಕ್ಕೂ ಹಿಂದಿನ ಮಾತದು ಎಂದು ಹೇಳಿದಾಗ ಒಬ್ಬ ಹುಡುಗ, ‘ಹಾಗಾದ್ರೆ ಆಗಲೂ ಇಲ್ಲಿ ಅಡಿಕೆ ಇತ್ತಾ ಸಾರ್?’ ಎಂದು ಕೇಳಿದ. ನಮ್ಮ ಕೂಟಕ್ಕೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಬೇರೆ ಯಾರೂ ತಂದಿಲ್ಲ.

ಅಡಿಕೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಚಿಕ್ಕಂದಿನಲ್ಲಿ ಚರಿತ್ರೆಯ ನಿಜವಾದ ತರಗತಿ ಅಡಿಕೆ ಸುಲಿಯುವ ರಾತ್ರಿ. ಕೊನೆ ಇಳಿಸಿದ ದಿನ ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಹೆಂಗಸರು ಗಂಡಸರು ಸಾಲಾಗಿ ಕೂರುತ್ತಿದ್ದರು. ಕೈ ಸುಲಿಯುತ್ತಿದ್ದರೆ ಬಾಯಿಗೆ ಬಿಡುವು. ಪ್ಲೇಗಿನಲ್ಲಿ ಖಾಲಿಯಾದ ಮನೆ, ಹುಲಿ ಹೊಡೆದ ಕಥೆ, ಯಾವ ಕೆರೆಯನ್ನು ಯಾರು ತೋಡಿಸಿದ್ದು, ಯಾರು ತೋಡಿದ್ದು, ಎಲ್ಲ ಅಲ್ಲಿ ಬರುತ್ತಿತ್ತು. ಸುಲಿಯುವ ಯಂತ್ರ ಬಂದ ಮೇಲೆ ಅದರ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಫಸಲನ್ನು ಚೇಣಿಗೆ ಕೊಟ್ಟ ಮನೆಯಲ್ಲಂತೂ ಸುಲಿಯುವ ರಾತ್ರಿಯೇ ಇಲ್ಲ. ಹಳದಿ ಎಲೆ ರೋಗದಿಂದ ತೋಟ ಸೋತಿತು, ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿತು. ಮಕ್ಕಳು ಬೆಂಗಳೂರು ಸೇರಿದರು. ಮನೆಗಳನ್ನು ಬಿಚ್ಚಿ ಕಂಬ, ಬಾಗಿಲುವಾಡ ಮಾರುವುದು ಶುರುವಾಯಿತು. ‘ಮನೆ ಬಿಚ್ತಾ ಇದೀವಿ, ಅಟ್ಟದಲ್ಲಿ ಏನೋ ಇದೆ, ಬಂದು ನೋಡಿ ಮೇಷ್ಟ್ರೇ’ ಎಂದು ಈಗ ನನಗೆ ಫೋನು ಬರುತ್ತದೆ.

ನಮ್ಮ ಕೂಟದ ದಿಕ್ಕು ಬದಲಿಸಿದ್ದು ಒಬ್ಬ ಅಜ್ಜಿ. ಹಸಲರ ಕೇರಿಯವರು. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವರು ನಮ್ಮ ಸಭೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಒಂದು ಮನೆತನದ ಜಮೀನಿನ ಪಟ್ಟಿಯನ್ನು ನಾನು ಓದಿ ಮುಗಿಸಿದಾಗ, ‘ನಂಬ್ರ ಎಲ್ಲ ಸರಿ ಮೇಷ್ಟ್ರೇ, ಗದ್ದೆಗೆ ಹೆಸರೇ ಇಲ್ವಲ್ಲ ನಿಮ್ಮ ಕಾಗದದಲ್ಲಿ’ ಎಂದರು. ನಾಟಿ ಮಾಡಿದವರಿಗೆ ಸರ್ವೆ ನಂಬರು ಯಾಕೆ ಬೇಕು? ಹೊಂಡದಗದ್ದೆ, ಬಸರಿಮಕ್ಕಿ, ಕೋಣನಗುಂಡಿ ಎಂದು ಅವರು ಮೇಲಿನಿಂದ ಕೆಳಗಿನವರೆಗೆ ಹೇಳುತ್ತ ಹೋದರು. ಯಾವುದಕ್ಕೆ ಎಲ್ಲಿಂದ ನೀರು, ಯಾವುದರಲ್ಲಿ ಯಾವ ಭತ್ತ, ಕಟ್ಟು ಒಡೆದ ವರ್ಷ ಯಾರ ಮಗು ತೀರಿಕೊಂಡಿತು. ಆ ಗದ್ದೆಗಳಲ್ಲಿ ಬಹುಪಾಲು ಈಗ ಅಡಿಕೆ ತೋಟವಾಗಿವೆ. ಹೆಸರು ಉಳಿದದ್ದು ಅವರ ಬಾಯಲ್ಲಿ ಮಾತ್ರ.

ಅಲ್ಲಿಯವರೆಗೆ ನಾವು ಕಾಗದ ಇದ್ದವರ ಮನೆಯನ್ನೇ ಊರು ಎಂದುಕೊಂಡು ಕೆಲಸ ಮಾಡುತ್ತಿದ್ದೆವು. ಆಮೇಲೆ ಒಂದು ಕಟ್ಟು ಹಾಕಿಕೊಂಡೆವು: ಸಭೆಯ ಅರ್ಧ ಹೊತ್ತು ಕಾಗದಕ್ಕೆ, ಅರ್ಧ ಹೊತ್ತು ಬಾಯಿಮಾತಿಗೆ. ಹಸಲರು, ಗೌಡಲು, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದು ಇಲ್ಲಿಯವರೇ ಆದವರು ಬಂದು ಕೂತರು. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಊರುಗಳಿಂದ ಪರಿಹಾರ ಪಡೆದು ಹೊರಗೆ ಬಂದವರೂ ಬಂದರು. ಎಲ್ಲ ಸಲೀಸಾಗಿ ನಡೆಯಲಿಲ್ಲ. ಬಿಟ್ಟಿ ಚಾಕರಿಯ ಮಾತು ಎದ್ದ ದಿನ ಇಬ್ಬರು ಹಿರಿಯರು ಚಾ ಕುಡಿಯದೆ ಎದ್ದು ಹೋದರು. ಒಬ್ಬರು ಮರಳಿ ಬಂದಿದ್ದಾರೆ.

ಕಾಗದ, ಕಲ್ಲುಗಳ ಚಿತ್ರ ತೆಗೆಯುವುದು ಈಗ ಸುಲಭ. ಬೆಂಗಳೂರಿನಲ್ಲಿ 1909ರಲ್ಲೇ ಹುಟ್ಟಿದ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಸ್ತಪ್ರತಿಗಳಿಗಾಗಿ ಜ್ಞಾನ ಭಾರತಂ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಸಾರಿತು. ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ. ಒಳ್ಳೆಯದೇ. ಆದರೆ ಓದುವವರಿಲ್ಲದ ಪೆನ್‌ಡ್ರೈವ್ ಇನ್ನೊಂದು ಅಟ್ಟದಂತೆ; ಅಲ್ಲಿಗೆ ಹೊಗೆಯೂ ತಾಗುವುದಿಲ್ಲ.

ಆದ್ದರಿಂದ ಬರುವ ವರ್ಷದ ಕಾರ್ಯಕ್ರಮಗಳನ್ನು ಓದುವುದಕ್ಕೂ ಕೇಳುವುದಕ್ಕೂ ಇಟ್ಟಿದ್ದೇವೆ. ತಿಂಗಳು ಗೊತ್ತುಮಾಡುವುದು ಎಂದಿನಂತೆ ಮಳೆ ಮತ್ತು ಅಡಿಕೆ. ಆಷಾಢದಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಆಗ ತಿಗಳಾರಿ ಕಲಿಸುವ ಶಿಬಿರ. ಹಗಲು ಓದು, ರಾತ್ರಿ ತಾಳಮದ್ದಳೆ. ನವರಾತ್ರಿಗೆ ಬೆಂಗಳೂರಿನ ಮಕ್ಕಳು ಊರಿಗೆ ಬರುತ್ತಾರೆ. ಆಗ ಒಂದು ದಿನ ಮನೆಯ ಕಾಗದ ತಂದವರಿಗೆ ಅವರ ಎದುರೇ ಚಿತ್ರ ತೆಗೆದು, ಮೂಲವನ್ನು ಅವತ್ತೇ ಕೈಗೆ ಕೊಟ್ಟು ಕಳಿಸುವುದು. ಕೊಯ್ಲು ಮುಗಿದ ಮೇಲೆ ಕಿಗ್ಗಕ್ಕೆ ನಡಿಗೆ. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರದ ಆಸಕ್ತರನ್ನೂ ಕರೆದು, ಮೂರು ತಾಲೂಕಿನ ಗದ್ದೆ, ಕಟ್ಟು, ಹಾಡ್ಯಗಳ ಹೆಸರು ಬರೆದ ನಕ್ಷೆಯ ಕೆಲಸ. ನರಸಿಂಹರಾಜಪುರವನ್ನು ಎಡೇಹಳ್ಳಿ ಎನ್ನುತ್ತಿದ್ದವರನ್ನು ಕೇಳಿದ ಕಿವಿಗಳು ಇನ್ನೂ ಇರುವಾಗಲೇ ಇದಾಗಬೇಕು.

ಸಂಘವನ್ನು ನೋಂದಾಯಿಸಿ ಒಂದು ಕಟ್ಟಡ ಎಬ್ಬಿಸೋಣ ಎಂದು ಕೂಟದ ತರುಣರು ಹೇಳುತ್ತಾರೆ. ನಾನು ಬೇಡ ಎನ್ನುವುದಿಲ್ಲ, ಆಮೇಲೆ ಎನ್ನುತ್ತೇನೆ. ನಮ್ಮ ಹಾಜರಿ ಪುಸ್ತಕದಲ್ಲಿ ಎರಡು ಪಟ್ಟಿಗಳಿವೆ: ಕಾಗದ ತಂದವರದು ಒಂದು, ಮಾತಾಡಿದವರದು ಇನ್ನೊಂದು. ಎರಡನೆಯದು ಈಗ ಉದ್ದ. ಅದರಲ್ಲಿರುವವರಿಗೆ ವಯಸ್ಸೂ ಹೆಚ್ಚು. ಕಟ್ಟಡದ ದುಡ್ಡಿನಲ್ಲಿ ಒಂದು ಪಾಲನ್ನು ಮೊದಲು ಇಬ್ಬರು ಹುಡುಗಿಯರ ಓಡಾಟಕ್ಕೆ ಕೊಡಿ, ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲಿ ಎಂಬುದು ಮುಂದಿನ ಸಭೆಗೆ ನಾನು ಇಡಲಿರುವ ಪ್ರಸ್ತಾಪ. ಆ ಹುಡುಗಿಯರಲ್ಲಿ ಒಬ್ಬಳು ಗದ್ದೆಗಳ ಹೆಸರು ಹೇಳಿದ ಅಜ್ಜಿಯ ಮೊಮ್ಮಗಳು. ತಿಗಳಾರಿ ಶಿಬಿರಕ್ಕೂ ಅವಳೇ ಮೊದಲು ಹೆಸರು ಕೊಟ್ಟಿದ್ದಾಳೆ.