ಕ್ಯಾಮೆರಾಗೊಂದು ಅಳತೆಯ ಅಂಗಿ

ಡಿಸೆಂಬರಿನ ಬೆಳಗು, ಆರೂಮುಕ್ಕಾಲರ ಸಮಯ. ಹೆಬ್ಬಾಳದ ಕೆರೆಯ ಮೇಲೆ ಮಂಜು ತೆಳುವಾಗಿ ಹರಡಿತ್ತು. ಅತ್ತ ಮೇಲುಸೇತುವೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಓಡುವ ವಾಹನಗಳ ಗದ್ದಲ. ಇತ್ತ ನೀರಿನಲ್ಲಿ ನಾಮದ ಕೋಳಿಗಳ ನಿಶ್ಚಿಂತೆಯ ಈಜು. ದಡದಲ್ಲಿ ಟ್ರೈಪಾಡ್ ಹೂಡಿ ನಿಂತವಳು ಯಶವಂತಪುರದಿಂದ ತಂದೆಯೊಡನೆ ಬಂದ ಬಿ.ಎಸ್ಸಿ. ವಿದ್ಯಾರ್ಥಿನಿ. 2020ರಲ್ಲಿ ತೆರೆಕಂಡ, ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ರೂಪಿಸಿದ ‘ವೈಲ್ಡ್ ಕರ್ನಾಟಕ’ ಚಿತ್ರ ನೋಡಿದಂದಿನಿಂದ ಅವಳಿಗೆ ಹಕ್ಕಿಗಳ ವಿಡಿಯೊ ತೆಗೆಯುವ ಹುಚ್ಚು.

ದೂರದಲ್ಲಿ ಹೆಜ್ಜಾರ್ಲೆಯೊಂದು ರೆಕ್ಕೆ ಅಗಲಿಸಿ ನೀರಿಗಿಳಿಯಲು ಸುತ್ತು ಹಾಕುತ್ತಿತ್ತು. ಅದೇ ಗಳಿಗೆಗೆ ಬ್ಯಾಟರಿ ಮುಗಿಯಿತು. ಇನ್ನೊಂದು ಬ್ಯಾಟರಿ ಚೀಲದಲ್ಲೇ ಇತ್ತು. ಆದರೆ ಕ್ಯಾಮೆರಾ ತೊಟ್ಟಿದ್ದ ‘ಕೇಜ್’ ಬ್ಯಾಟರಿಯ ಬಾಗಿಲಿಗೆ ಅಡ್ಡವಾಗಿತ್ತು. ಅದನ್ನು ಬಿಚ್ಚುವ ಅಲೆನ್ ಕೀ ಮನೆಯಲ್ಲಿ! ಹೆಜ್ಜಾರ್ಲೆ ನೀರಿಗಿಳಿಯಿತು, ಈಜಿತು, ಗಿಡಗಳ ಮರೆಗೆ ಹೋಯಿತು.

ಏನಿದು ಕೇಜ್? ಕ್ಯಾಮೆರಾದ ಮೈಸುತ್ತ ತೊಡಿಸುವ ಅಲ್ಯುಮಿನಿಯಂ ಚೌಕಟ್ಟು. ಅದರ ತುಂಬ ತಿರುಪು ಕೂರಿಸುವ ತೂತುಗಳು. ಮೈಕು, ಚಿಕ್ಕ ಮಾನಿಟರು, ಹಿಡಿ ಮೊದಲಾದವನ್ನು ಅಲ್ಲಿಗೆ ಬಿಗಿಯಬಹುದು. ಕಾಡಿನಲ್ಲಿ, ಕೆರೆಯಂಗಳದಲ್ಲಿ ಕ್ಯಾಮೆರಾ ಬಂಡೆಗೋ ಕೊಂಬೆಗೋ ತಗುಲಿದರೆ ಏಟನ್ನು ಮೊದಲು ತಿನ್ನುವುದೂ ಅದೇ. ಹುಡುಗಿಯ ಬಳಿ ಇದ್ದದ್ದು ಹಿರಿಯ ವಿದ್ಯಾರ್ಥಿಯೊಬ್ಬನಿಂದ ಕಡಿಮೆ ಬೆಲೆಗೆ ಕೊಂಡದ್ದು. ಕಂಪೆನಿ ಒಂದೇ, ಮಾಡೆಲ್ ಮಾತ್ರ ಹಿಂದಿನದು. ‘ಹೇಗೋ ಕೂರುತ್ತದೆ’ ಎಂದುಕೊಂಡಿದ್ದಳು.

ಬಳ್ಳಾರಿ ರಸ್ತೆ ಹಿಡಿದು ಇಬ್ಬರೂ ಯಲಹಂಕಕ್ಕೆ ಬಂದರು. ಅಲ್ಲಿನ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ತಾಣ. ಬಣ್ಣದ ಕೊಕ್ಕರೆ, ಹಾವಕ್ಕಿ, ಇರುಳು ಬಕಗಳು ಗೂಡು ಕಟ್ಟುವ ಜಾಗ. ಇಂಥಲ್ಲಿ ಹತ್ತಿರ ಹೋಗುವಂತಿಲ್ಲ. ದೂರದಿಂದಲೇ ಉದ್ದನೆಯ ಲೆನ್ಸ್‌ನಲ್ಲಿ ಹಿಡಿಯಬೇಕು. ನೆರಳಲ್ಲಿ ಕುಳಿತು ಬೆಳಗಿನ ವಿಡಿಯೊ ಹಾಕಿ ಕೇಳಿದರೆ, ಹಕ್ಕಿಯ ಕೂಗಿನ ಜೊತೆಗೆ ಸಣ್ಣಗೆ ಕಟಕಟ ಸದ್ದು.

ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕ್ಯಾಮೆರಾವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿದರು. “ನೋಡಮ್ಮ, ಇದರಲ್ಲಿ ಪ್ಲೇ ಇದೆ” ಎಂದರು. ತಳದ ಒಂದೇ ತಿರುಪಿನ ಮೇಲೆ ಅದು ನಿಂತಿತ್ತು. ಒಂದೇ ತಿರುಪಿನ ಮೇಲೆ ನಿಂತ ವಸ್ತು ಅದನ್ನೇ ಅಚ್ಚು ಮಾಡಿಕೊಂಡು ತಿರುಗುತ್ತದೆ. ಎರಡನೆಯ ಕಡೆ ಹಿಡಿತ ಸಿಕ್ಕರೆ ತಿರುಗದು. ಗೋಡೆಗೆ ಒಂದೇ ಮೊಳೆಯಲ್ಲಿ ಹೊಡೆದ ಪಟ್ಟಿಯನ್ನು ನೆನೆಸಿಕೊಂಡರೆ ಸಾಕು.

ಇನ್ನೊಂದು ತಪ್ಪೂ ಅವರ ಕಣ್ಣಿಗೆ ಬಿತ್ತು. ಕೇಜಿನ ಸಾಮಾನ್ಯ ತೂತು ಕಾಲಿಂಚಿನದು, ಅಂದರೆ 6.35 ಮಿ.ಮೀ.; ಇಂಚಿಗೆ 20 ಥ್ರೆಡ್. ಹಳೆಯ ಒಡೆಯ ಅದಕ್ಕೆ 6 ಮಿ.ಮೀ. ಬೋಲ್ಟನ್ನು ಬಲವಂತವಾಗಿ ತಿರುಗಿಸಿದ್ದ. ಕಣ್ಣಿಗೆ ಎರಡೂ ಒಂದೇ. ಆದರೆ ಒಂದರ ಥ್ರೆಡ್ಡಿನ ಅಂತರ 1.27 ಮಿ.ಮೀ., ಇನ್ನೊಂದರದು 1 ಮಿ.ಮೀ. ಮೆತ್ತನೆಯ ಅಲ್ಯುಮಿನಿಯಂ ಸವೆದುಹೋಗಿತ್ತು.

“ನಿಮ್ಮ ವರ್ಕ್‌ಶಾಪಿನಲ್ಲಿ ಅರ ಹಾಕಿ ಸರಿಮಾಡಿ ಕೊಡಿ ಅಪ್ಪ.”

“ಅರ ಹಾಕಿದರೆ ಬ್ಯಾಟರಿ ಬಾಗಿಲು ತೆರೆಯುತ್ತೆ, ಅಲುಗಾಟ ನಿಲ್ಲಲ್ಲ. ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸೋಕೆ ಆಗಲ್ಲಮ್ಮ.”

ಅಗ್ಗವೆಂದು ಕೊಂಡ ಹಣ ಅಲ್ಲಿಗೆ ಹೋಯಿತು. ಮುಂದಿನ ಭಾನುವಾರ ಅಂಗಡಿಗೆ ಹೊರಟಾಗ ಬರಿಗೈಯಲ್ಲಿ ಹೋಗಲಿಲ್ಲ. ಕ್ಯಾಮೆರಾ, ಬ್ಯಾಟರಿ, ಕಾರ್ಡು, ಮೈಕಿನ ಕೇಬಲ್ಲು ಎಲ್ಲವನ್ನೂ ಒಯ್ದರು. ತಮ್ಮ ಮಾಡೆಲಿಗೇ ಮಾಡಿದ ಕೇಜನ್ನು ತೊಡಿಸಿ ಬ್ಯಾಟರಿಯ ಬಾಗಿಲು, ಕಾರ್ಡಿನ ಬಾಗಿಲು ತೆರೆದು ನೋಡಿದರು. ಮಡಚುವ ಪರದೆ ಪೂರ್ತಿ ಹೊರಳುವುದೇ, ಬಿಸಿಗಾಳಿ ಹೋಗುವ ಕಿಂಡಿ ಮುಚ್ಚುವುದೇ, ಚಳಿಗೆ ಕೈಗವಸು ಹಾಕಿಕೊಂಡರೂ ಗುಂಡಿಗಳು ಸಿಗುತ್ತವೆಯೇ ಎಂದು ಪರೀಕ್ಷಿಸಿದರು. ಕೊನೆಗೆ ಕಿವಿಯ ಬಳಿ ಅಲುಗಿಸಿದರು, ಸದ್ದಿಲ್ಲ.

ಎಲ್ಲ ಕಡೆ ಸುತ್ತುವ ಪೂರ್ಣ ಕೇಜನ್ನು ಬಿಟ್ಟು ಅರ್ಧ ಕೇಜನ್ನು ಆರಿಸಿದವಳು ಮಗಳೇ. ಉದ್ದನೆಯ ಲೆನ್ಸಿಗೆ ತನ್ನದೇ ಪಾದವಿರುತ್ತದೆ. ಟ್ರೈಪಾಡಿನ ಮೇಲೆ ಕೂರುವುದು ಅದು, ಕ್ಯಾಮೆರಾ ಅಲ್ಲ. ಹಿಂಬದಿಗೆ ತೂಕ ಹೇರಿದಷ್ಟೂ ತಕ್ಕಡಿ ಹಿಂದಕ್ಕೆ ವಾಲುತ್ತದೆ. ಅವಳಿಗೆ ಬೇಕಿದ್ದದ್ದು ಒಂದು ಮೈಕು, ಒಂದು ಹಿಡಿ, ಅಷ್ಟೇ. ವಿದ್ಯಾರ್ಥಿಗಳು ಪಟ್ಟಿ ಮಾಡಬೇಕಾದದ್ದು ಇದನ್ನೇ: ಏನೇನು ಬಿಗಿಯಬೇಕು? ಏನೂ ಇಲ್ಲದಿದ್ದರೆ ಕೇಜೇ ಬೇಡ. ಪಾಲಕರ ಹಣವೂ ಉಳಿಯುತ್ತದೆ.

ಜನವರಿಯ ಒಂದು ಬೆಳಗ್ಗೆ ಅವರು ಮತ್ತೆ ಹೆಬ್ಬಾಳದ ದಡದಲ್ಲಿದ್ದರು. ಬ್ಯಾಟರಿ ಮತ್ತೆ ಮುಗಿಯಿತು. ಬದಲಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೆಜ್ಜಾರ್ಲೆ ಬಂದಿಳಿಯಿತು. ಮನೆಯಲ್ಲಿ ವಿಡಿಯೊ ಹಾಕಿದಾಗ ಕಟಕಟ ಸದ್ದಿರಲಿಲ್ಲ. ರೆಕ್ಕೆ ನೀರಿಗೆ ಬಡಿದ ಸದ್ದಿತ್ತು. ಹಿಂದೆ ಸೇತುವೆಯ ಹಾರನ್ನುಗಳೂ ಇದ್ದವು.