ಉಂಡಿ ಕೆಳಗ ಬಂದ ಜಾಹೀರಾತು

ಪಂಚಮಿಗಿಂತ ಮೊದಲ ತಂಗಿ ಮಾನವಿಯಿಂದ ರಾಯಚೂರಿಗೆ ಬಂದು ಮೂರು ದಿನ ನಮ್ಮನ್ಯಾಗ ಇದ್ಲು. ಮದುವಿ ಆಗಿ ಆರು ವರ್ಷ, ಇನ್ನೂ ಮಕ್ಕಳಿಲ್ಲ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ "ಅಕ್ಕಾ, ನಿನ್ನ ಫೋನ್ ಕೊಡು" ಅಂತಿದ್ಲು. ಅಕಿ ಫೋನು ಗಂಡನೂ ನೋಡ್ತಾನ, ಅತ್ತಿನೂ ನೋಡ್ತಾಳ. ಏನು ಓದ್ತಿದ್ಲೋ ನಾ ಕೇಳಲಿಲ್ಲ. ಸೈಟು ತೆಗದ ಕೂಡ್ಲೆ 'ನಾವು ಕುಕಿ ಬಳಸ್ತೀವಿ' ಅಂತ ಅಡ್ಡ ಬರ್ತದಲ್ರಿ, ಅದಕ್ಕ 'ಅಕ್ಸೆಪ್ಟ್' ಒತ್ತಿ ಮುಂದಕ ಹೋಗ್ಯಾಳ. ನಾನೂ ಹಂಗ ಒತ್ತಾಕಿ, ಸುಳ್ಳ್ಯಾಕ ಹೇಳ್ಲಿ.

ಪಂಚಮಿಗೆ ಇಬ್ರೂ ದೇವದುರ್ಗದ ತವರಮನಿಗೆ ಹೋದ್ವಿ. ತಂಗಿನ್ನ ಬಿಡಾಕ ಅಕಿ ಅತ್ತಿನೂ ಬಂದಿದ್ರು. ಶೇಂಗಾದುಂಡಿಗೆ ಬೆಲ್ಲದ ಪಾಕ ಎಷ್ಟು ಹದ ಇರಬೇಕು ಅಂತ ಮಾತು ಬಂತು. ಫೋನಿನಾಗ ತೆಗದು ಅವರ ಕೈಗೇ ಕೊಟ್ಟೆ. ಉಂಡಿ ಫೋಟೋದ ಕೆಳಗ ಜಾಹೀರಾತು: ಮಕ್ಕಳಾಗಲಾರದವರಿಗೆ ಚಿಕಿತ್ಸಾ, ಗಂಡಸರಿಗೂ ತಪಾಸಣಿ.

"ಯವ್ವಾ, ನಿನಗ ಎರಡು ಅದಾವಲ್ಲ, ಇದ್ಯಾಕ?" ಅಂದ್ರು.

"ಅವು ಸುಮ್ನ ಬರ್ತಾವ್ರಿ" ಅಂದೆ. ಅವರು ನನ್ನ ಕಡಿ ನೋಡಲಿಲ್ಲ, ತಂಗಿ ಕಡಿ ನೋಡಿದ್ರು. ಅಕಿ ಉಂಡಿ ಕಟ್ಟೋದು ಬಿಟ್ಟು ಹಿತ್ತಲಕ್ಕ ಎದ್ದು ಹೋದ್ಲು.

ಆಮ್ಯಾಲ ಕುಂತು ತಿಳಕೊಂಡೆ. ಕುಕಿ ಅಂದ್ರ ಗಿರಣಿಯವ ನಮ್ಮ ಹಿಟ್ಟಿನ ಡಬ್ಬಿಗೆ ಹಚ್ಚೋ ಚೀಟಿ ಇದ್ದಂಗ. ಸೈಟು ಒಂದು ನಂಬರ್ ಬರದು ನಮ್ಮ ಫೋನಿನಾಗ ಇಡ್ತದ, ಮತ್ತ ಹೋದಾಗ ಬ್ರೌಸರ್ ಅದನ್ನ ತೋರಸ್ತದ. 1994ರಾಗ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಅನ್ನಾವ ಇದನ್ನ ಮಾಡಿದ್ದು, ಆನ್‌ಲೈನ್ ಅಂಗಡ್ಯಾಗ ನಾವು ಆರಿಸಿಟ್ಟಿದ್ದು ನೆನಪಿರ್ಲಿ ಅಂತ. ಅದ್ರಾಗೇನು ತಪ್ಪಿಲ್ಲ. ತೀನ್ ಕಂದೀಲ್ ಕಡಿ ಸೀರಿ ಅಂಗಡಿಯವ "ಹೋದ ವರ್ಷ ಇಳಕಲ್ ಒಯ್ದಿದ್ರಿ" ಅಂದ್ರ ನನಗ ಖುಷಿನ ಆಗ್ತದ. ಆದ್ರ ಒಂದ ಜಾಹೀರಾತು ಕಂಪನಿ ಹತ್ತಾರು ಸೈಟಿನಾಗ ತಂದ ಚೀಟಿ ಹಚ್ಚಿರ್ತದ. ಆಸ್ಪತ್ರಿ ಪುಟದಾಗ ಹಚ್ಚಿದ್ದು ಅಡಿಗಿ ಪುಟದಾಗ ಓದ್ತದ. ಫೋನ್ ಹಿಡದಾಕಿ ಅಕ್ಕನೋ ತಂಗಿನೋ ಅದಕ್ಕ ಗೊತ್ತಿಲ್ಲ. ಎದುರಿಗೆ ಯಾರು ಕುಂತಾರ ಅನ್ನೋದೂ ಗೊತ್ತಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳ್ಯಾರ. ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಡೇಟಾ ಕಾಯಾಕ 2023ರಾಗ ಕಾನೂನೂ ಬಂದದ. ದೇವದುರ್ಗದ ಪಡಸಾಲ್ಯಾಗ ತಂಗಿಗೆ ಇದ್ಯಾವುದೂ ಉಪಯೋಗಕ್ಕ ಬರಲಿಲ್ಲ ನೋಡ್ರಿ.

ಫೋನಿನಾಗಿನ ಕುಕಿ ಎಲ್ಲಾ ಅಳಿಸಿದೆ. ಈಗ 'ರಿಜೆಕ್ಟ್' ಹುಡುಕಿ ಒತ್ತತೀನಿ, ಭಾಳ ಕಡಿ ಅದನ್ನ ಮೂಲ್ಯಾಗ ಸಣ್ಣ ಅಕ್ಷರದಾಗ ಇಟ್ಟಿರ್ತಾರ. ತಂಗಿಗೆ ಇನ್‌ಕಾಗ್ನಿಟೊ ತೆಗೆಯೋದು ಕಲಿಸಿದೆ. ಮುಚ್ಚಿದ ಮ್ಯಾಲ ಚೀಟಿ ಉಳಿಯಂಗಿಲ್ಲ, ಆದ್ರ ಬಂದು ಹೋಗಿದ್ದು ಸೈಟಿನವರಿಗೆ ಕಾಣ್ತದ ಅಂತನೂ ಹೇಳಿದೆ.

"ಅವರು ನೋಡಿದ್ರ ನೋಡ್ಲಿ ಬಿಡಕ್ಕಾ, ನಮ್ಮತ್ತಿ ನೋಡದಿದ್ರ ಸಾಕು" ಅಂದ್ಲು.